ಸಣ್ಣಮ್ಮನ ಕೂಸು ಎಲ್ಲಿ ಹೋಯಿತು?

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ, ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುತ್ತಿದ್ದರು. ನಗಬೇಡಿ, ಆಶ್ರಮ ಅಂದಮೇಲೆ ಎಲ್ಲರೂ ಕಣ್ಣು ಮುಚ್ಚಿಯೇ ಕೂರಬೇಕು ಅಂತ ಎಲ್ಲೂ ಬರೆದಿಲ್ಲ.

ಗುರುಗಳ ಹೆಸರು ಗುರುಮಲ್ಲಯ್ಯ. ಮಾತು ಕಡಿಮೆ, ಊಟಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಸುತ್ತಲ ಹಳ್ಳಿಗಳ ಚಿಕಿತ್ಸಾಲಯಗಳಿಗೆ ಬೇಕಾದ ಒಂದು ಪ್ರೋಗ್ರಾಂ ಆ ಆಶ್ರಮದಲ್ಲೇ ತಯಾರಾಗುತ್ತಿತ್ತು. ರೋಗಿಯ ವಯಸ್ಸು, ತೂಕ ಹಾಕಿದರೆ ಔಷಧಿ ಎಷ್ಟು ಕೊಡಬೇಕು ಅಂತ ಅದು ಹೇಳುತ್ತಿತ್ತು. ಪ್ರತಿ ಗುರುವಾರ ಆಶ್ರಮದ ಅಂಗಳದಲ್ಲೂ ಚಿಕಿತ್ಸೆ ನಡೆಯುತ್ತಿತ್ತು.

ಶಂಭುಲಿಂಗ ಅಲ್ಲಿನ ಶಿಷ್ಯ. ಕೈ ಚುರುಕು, ಬುದ್ಧಿ ಇನ್ನೂ ಚುರುಕು. ಅದು ಬೇರೆಯವರಿಗಿಂತ ಮೊದಲು ಅವನಿಗೇ ಗೊತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಎದೆಗವಚಿಕೊಂಡು ಹೊಳೆಯ ಮೆಟ್ಟಿಲಿಗೆ ಓಡಿಬಂದ. ಗುರುಗಳು ಕಾಲು ನೀರಿಗಿಟ್ಟು ಕೂತಿದ್ದರು.

"ಗುರುಗಳೇ, ಯಂತ್ರ ಮುಗೀತು!"

ಯಂತ್ರ ಅಂದರೆ ಕಬ್ಬಿಣದ್ದಲ್ಲ. ಅದೂ ಒಂದು ಪ್ರೋಗ್ರಾಮೇ, ಕೋಡ್ ಬರೆಯುವ ಕೋಡ್. ಔಷಧಿಯ ಪ್ರೋಗ್ರಾಂ ಸರಿಯಿದೆಯೋ ಇಲ್ಲವೋ ಅಂತ ನಿಜವಾದ ರೋಗಿಗಳ ಮೇಲೆ ನೋಡೋಕಾಗುತ್ತದೆಯೇ? ಅದಕ್ಕೇ ಸುಳ್ಳು ರೋಗಿಗಳನ್ನು ಹುಟ್ಟಿಸುವ ಫೈಲುಗಳಿದ್ದವು. ಅವಕ್ಕೆ ಫ್ಯಾಕ್ಟರಿ ಅನ್ನುತ್ತಿದ್ದರು. ಮೊದಲು ಆ ಸುಳ್ಳು ರೋಗಿಗಳ ಮೇಲೆ ಟೆಸ್ಟ್ ನಡೆಯಬೇಕು, ಪರದೆಯ ಮೇಲೆ ಎಲ್ಲಾ ಹಸಿರಾಗಬೇಕು, ತಪ್ಪಿದ್ದರೆ ಕೆಂಪು, ಆಮೇಲೆ ನಿಜವಾದ ರೋಗಿ. ಅಲ್ಲಿಯವರೆಗೂ ಫ್ಯಾಕ್ಟರಿಗಳನ್ನು ಶಿಷ್ಯರು ಕೈಯಲ್ಲೇ ಬರೆಯುತ್ತಿದ್ದರು. ಶಂಭು ಎಂಟು ತಿಂಗಳು ಕೂತು, ಅವನ್ನು ತಾನೇ ಬರೆಯುವ ಯಂತ್ರ ಮಾಡಿದ್ದ.

"ಅರವತ್ತೆರಡು ಫ್ಯಾಕ್ಟರಿ ಗುರುಗಳೇ. ನಾಲ್ಕೇ ಸೆಕೆಂಡು. ಟೆಸ್ಟೆಲ್ಲಾ ಹಸಿರು!"

"ಭೇಷ್," ಅಂದರು ಗುರುಗಳು. "ಮೊದಲೇ ಬರೆದಿಟ್ಟಿದ್ದ ಫ್ಯಾಕ್ಟರಿಗಳು ಏನಾದವು?"

"ಅವನ್ನೂ ಹೊಸದಾಗಿ ಬರೆದಿದೆ."

"ರಾಜಮ್ಮಣ್ಣಿ ಬರೆದಿದ್ದನ್ನೂ?"

"ಅದನ್ನೂ."

ಗುರುಗಳು ಕಾಲನ್ನು ನೀರಿನಿಂದ ಎತ್ತಿ ಮೆಟ್ಟಿಲ ಮೇಲಿಟ್ಟರು.

"ಸಣ್ಣಮ್ಮನ ಕೂಸು ಎಲ್ಲಿ ಹೋಯಿತು?"

ಶಂಭು ಸುತ್ತಮುತ್ತ ನೋಡಿದ. ಹೊಳೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

"ಯಾವ ಕೂಸು ಗುರುಗಳೇ?"

"ರೋಗಿಗಳ ಫ್ಯಾಕ್ಟರಿಯಲ್ಲಿ ಇತ್ತು. ನೋಡು."

ಶಂಭು ಲ್ಯಾಪ್‌ಟಾಪ್ ತೆರೆದು ಹುಡುಕಿದ. ಆ ಫೈಲಿನಲ್ಲಿ ಈಗ ಒಬ್ಬನೇ ರೋಗಿ ಇದ್ದ. ಹೆಸರು 'ರೋಗಿ ಒಂದು'. ವಯಸ್ಸು ಮೂವತ್ತು, ತೂಕ ಅರವತ್ತು ಕಿಲೋ, ದೇವರ ದಯೆಯಿಂದ ಯಾವ ತೊಂದರೆಯೂ ಇಲ್ಲದ ಗಟ್ಟಿಮುಟ್ಟಾದ ಆಸಾಮಿ.

"ಇಲ್ಲ," ಅಂದ ಶಂಭು. "ಆದರೆ ಹಳೇ ಪ್ರತಿ ಎಲ್ಲೂ ಹೋಗಲ್ಲ ಗುರುಗಳೇ. ಒಂದು ನಿಮಿಷದಲ್ಲಿ ವಾಪಸ್ ತರ್ತೀನಿ."

"ತಾ. ನಾಳೆ ಮತ್ತೆ ಯಂತ್ರ ಓಡಿಸಿದರೆ?"

"ಮತ್ತೆ... ಹೋಗುತ್ತೆ."

"ಔಷಧಿಯ ಪ್ರೋಗ್ರಾಮಿನಲ್ಲೂ ಏನಾದರೂ ತೆಗೆದೆಯಾ?"

"ಒಂದೇ ಒಂದು ಸಾಲು. ತೂಕ ಖಾಲಿ ಇದ್ದರೆ ನಿಲ್ಲು ಅಂತ ಇತ್ತು. ತೆಗೆದು ನೋಡಿದೆ, ಒಂದು ಟೆಸ್ಟೂ ಕೆಂಪಾಗಲಿಲ್ಲ. ಬೇಡದ್ದು ಅಂತ ತೆಗೆದುಹಾಕಿದೆ."

"ಈಗ ತೂಕ ಖಾಲಿ ಬಿಟ್ಟರೆ?"

"ಅರವತ್ತು ಕಿಲೋ ಅಂತ ಹಿಡಿಯುತ್ತೆ."

ಹೇಳುತ್ತಾ ಹೇಳುತ್ತಾ ಶಂಭುವಿನ ದನಿ ಇಳಿಯಿತು. ಗುರುಗಳು ಅವನ ಮುಖ ನೋಡಲಿಲ್ಲ, ಎಮ್ಮೆಯನ್ನೇ ನೋಡುತ್ತಿದ್ದರು.

"ಗುರುವಾರ ಮೊದಲನೇ ರೋಗಿ ಬರೋದರೊಳಗೆ ಆ ಸಾಲನ್ನು ವಾಪಸ್ ಇಡು, ಯಂತ್ರ ಸರಿ ಮಾಡು. ಆಗಲಿಲ್ಲವೋ, ಯಂತ್ರ ಪಕ್ಕಕ್ಕಿಡು. ಮೊದಲಿನ ಹಾಗೆ ಕೈಯಲ್ಲೇ ಬರೆಯೋಣ."

ಎಂಟು ತಿಂಗಳ ಕೆಲಸವನ್ನು ಪಕ್ಕಕ್ಕಿಡುವುದೇ! ಶಂಭು ಲ್ಯಾಪ್‌ಟಾಪನ್ನು ಮತ್ತೆ ಎದೆಗವಚಿಕೊಂಡ. ಆದರೂ ಅವನು ಸುಲಭಕ್ಕೆ ಸೋಲುವವನಲ್ಲ. "ಗುರುವಾರ ಯಾಕೆ, ಇವತ್ತು ಮಧ್ಯಾಹ್ನದೊಳಗೇ ಮಾಡ್ತೀನಿ," ಅಂದ.

"ಒಳ್ಳೇದು. ಇನ್ನೊಂದು. ನಾಳೆ ಪಂಕ್ತಿಯಲ್ಲಿ ನೀನು ಬಡಿಸು."

ಮಧ್ಯಾಹ್ನದ ಊಟಕ್ಕೆ ಶಿಷ್ಯರು ಸರದಿಯ ಮೇಲೆ ಬಡಿಸಬೇಕು ಅನ್ನುವುದು ಆಶ್ರಮದ ಪದ್ಧತಿ. ಎಂಟು ತಿಂಗಳಿಂದ ಶಂಭು ಅದರಿಂದ ತಪ್ಪಿಸಿಕೊಂಡಿದ್ದ. ಕೇಳಿದರೆ, ಯಂತ್ರ ಮುಗಿಯಲಿ ಅನ್ನುತ್ತಿದ್ದ.

ಮೊದಲು ಅವನು ರಾಜಮ್ಮಣ್ಣಿಯವರನ್ನು ಹುಡುಕಿಕೊಂಡು ಹೋದ. ಆಕೆ ಮೂವತ್ತು ವರ್ಷ ನರ್ಸ್ ಆಗಿದ್ದವರು. ಐವತ್ತೇಳನೇ ವಯಸ್ಸಿನಲ್ಲಿ ಗುರುಗಳ ಮುಂದೆ ಕೂತು ಕೋಡ್ ಬರೆಯುವುದನ್ನು ಕಲಿತಿದ್ದರು. ಈಗ ಅರವತ್ತೆಂಟು. ಔಷಧಿಯ ಕೋಣೆಯಲ್ಲಿ ಸಿರಪ್ಪಿನ ಬಾಟಲಿಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಅಮ್ಮಣ್ಣಿಯವರೇ, ಸಣ್ಣಮ್ಮನ ಕೂಸು ಅಂದರೆ ಯಾರು?"

ಆಕೆಯ ಕೈ ನಿಂತಿತು. "ಯಾಕೆ ಕೇಳ್ತಾ ಇದ್ದೀಯ?"

ಶಂಭು ನಡೆದದ್ದನ್ನು ಹೇಳಿದ. ಮುಚ್ಚಿಡಲಿಲ್ಲ, ಅಷ್ಟು ಒಳ್ಳೆಯತನ ಅವನಲ್ಲಿತ್ತು.

"ಹನ್ನೊಂದು ವರ್ಷದ ಹಿಂದೆ ಒಂದು ಗುರುವಾರ," ಅಂದರು ರಾಜಮ್ಮಣ್ಣಿ. "ತಕ್ಕಡಿ ಕೆಟ್ಟಿತ್ತು. ಸಣ್ಣಮ್ಮ ಅನ್ನೋ ಹೆಂಗಸು ಕೂಸು ತಂದಿದ್ಲು, ಮೈ ಸುಡ್ತಾ ಇತ್ತು. ತೂಕ ಬರೆಯೋ ಜಾಗ ಖಾಲಿ ಬಿಟ್ಟರು. ಪ್ರೋಗ್ರಾಂ ಏನು ಹೇಳ್ತು ಗೊತ್ತಾ? ದೊಡ್ಡವರಿಗೆ ಕೊಡೋವಷ್ಟು ಹೇಳ್ತು. ಸಣ್ಣಮ್ಮ ಲೋಟ ಎತ್ತಿ ಕೂಸಿನ ಬಾಯಿಗೆ ಹಿಡಿದಿದ್ದಳು. ನನ್ನ ಕಣ್ಣಿಗೆ ಬಿತ್ತು, ಓಡಿಹೋಗಿ ಕಿತ್ಕೊಂಡೆ. ಬೀಳದೇ ಇದ್ದಿದ್ರೆ?"

ಶಂಭು ಲ್ಯಾಪ್‌ಟಾಪನ್ನು ಬಾಟಲಿಗಳ ಪಕ್ಕದಲ್ಲಿಟ್ಟ.

"ಅವತ್ತೇ ಗುರುಗಳ ಹತ್ತಿರ ಹೋದೆ. ಈ ಹಾಳು ಪ್ರೋಗ್ರಾಮಿಗೆ ಈ ಕೂಸಿನ ವಿಷಯ ಹೇಗೆ ಹೇಳೋದು ಕಲಿಸಿಕೊಡಿ ಅಂದೆ. ಆಮೇಲೆ ಎಡವಟ್ಟಾದಾಗಲೆಲ್ಲ ಒಬ್ಬೊಬ್ಬರನ್ನು ಸೇರಿಸುತ್ತಾ ಬಂದೆ. ಹುಟ್ಟಿದ ತಾರೀಕು ಗೊತ್ತಿಲ್ಲದ ಅಜ್ಜಿ, ಒಂದೇ ಹೆಸರಿನ ಅವಳಿಜವಳಿ, ಎಲ್ಲಾ. ನಲವತ್ತಮೂರು ಜನ. ನೀವು ಸುಳ್ಳು ರೋಗಿಗಳು ಅಂತೀರಿ. ನಂಗೆ ಅಷ್ಟೂ ಜನರ ಮುಖ ಗೊತ್ತು."

"ತಪ್ಪಾಯ್ತು ಅಮ್ಮಾ. ಸಿಟ್ಟು ಬಂತಾ?"

"ಬರದೇ ಇರುತ್ತಾ? ಬಂದಿದೆ. ಹೋಗು, ಮೊದಲು ನನ್ನ ಜನಾನ ವಾಪಸ್ ಕರ್ಕೊಂಡು ಬಾ."

ಶಂಭು ಕೂತ. ತೆಗೆದಿದ್ದ ಸಾಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ನಲವತ್ತಮೂರು ಜನರನ್ನು ಹಳೆಯ ಪ್ರತಿಯಿಂದ ತಂದ. ಆಮೇಲೆ ಯಂತ್ರಕ್ಕೆ ಕೈ ಹಾಕಿದ. ಹೇಳಿದ ಹಾಗೆ ಮಧ್ಯಾಹ್ನದೊಳಗೇ ಮುಗಿಸಿ ಗುರುಗಳ ಮುಂದೆ ನಿಂತ.

"ಈಗ ಅದು ಸುಮ್ಮಸುಮ್ಮನೆ ಅಳಿಸಲ್ಲ ಗುರುಗಳೇ. ಫೈಲು ಮೊದಲೇ ಇದ್ದರೆ ಕೇಳುತ್ತೆ. ಈ ಫ್ಯಾಕ್ಟರಿ ಇಲ್ಲಿದೆ, ಅಳಿಸಿ ಬರೆಯಲಾ, ಹೌದೋ ಅಲ್ಲವೋ ಅಂತ."

"ಪ್ರತಿ ಫೈಲಿಗೂ ಕೇಳುತ್ತಾ?"

"ಅರವತ್ತೆರಡಕ್ಕೂ."

"ಊಟಕ್ಕೇಳು, ಹೊತ್ತಾಯಿತು," ಅಂದರು ಗುರುಗಳು.

ಅವತ್ತು ಗುರುಗಳೇ ಸೊಂಟಕ್ಕೆ ಪಂಚೆ ಬಿಗಿದು ಬಡಿಸಲು ನಿಂತರು. ಶಂಭು ಎಲೆಯ ಮುಂದೆ ಕೂತಿದ್ದರೂ ತಲೆಯೆಲ್ಲಾ ಯಂತ್ರದಲ್ಲಿತ್ತು.

"ಕೋಸಂಬರಿ ಹಾಕಲಾ?"

"ಹೂಂ."

"ಪಲ್ಯ?"

"ಹೂಂ."

"ಪಾಯಸ?"

"ಹೂಂ."

"ಅನ್ನ? ತೊವ್ವೆ? ತುಪ್ಪ?"

"ಹೂಂ, ಹೂಂ, ಹೂಂ."

"ಪಾಯಸದ ಮೇಲೆ ಒಂದು ಸೌಟು ಉಪ್ಪು?"

"ಹೂಂ."

ಗುರುಗಳು ಹಾಕಿದರು. ಶಂಭು ಬಾಯಿಗಿಟ್ಟ. ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು.

"ಗುರುಗಳೇ! ಇದೇನಿದು!"

"ಕೇಳಿಯೇ ಹಾಕಿದ್ದು ಕಣಯ್ಯಾ. ಹೂಂ ಅಂದೆಯಲ್ಲ," ಅಂದು ಗುರುಗಳು ಮುಂದಿನ ಎಲೆಗೆ ಹೋದರು.

ಶಂಭು ಉಪ್ಪುಪಾಯಸ ನುಂಗಿದ. ಅರವತ್ತೆರಡು ಸಲ ಕೇಳಿದರೆ ತಾನೂ ಓದದೆ ಹೌದು ಹೌದು ಅಂತ ಒತ್ತುತ್ತಾ ಹೋಗುತ್ತೇನೆ ಅನ್ನುವುದು ಅವನಿಗೆ ಆ ತುತ್ತಿನ ಜೊತೆಗೇ ಇಳಿಯಿತು.

ಸಂಜೆಯೊಳಗೆ ಎರಡನೇ ಉಪಾಯ ಸಿದ್ಧವಾಯಿತು. ಇದು ಇನ್ನೂ ಸುಲಭ. ಫೈಲು ಮೊದಲೇ ಇದ್ದರೆ ಯಂತ್ರ ಅದನ್ನು ಮುಟ್ಟುವುದೇ ಇಲ್ಲ. ಬಿಟ್ಟು ಮುಂದಕ್ಕೆ ಹೋಗುತ್ತದೆ. ಅಳಿಸುವ ಭಯವೇ ಇಲ್ಲ. ಶಂಭುವಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟು ಖುಷಿಯಾಯಿತು.

ಮಂಗಳವಾರ ಮಧ್ಯಾಹ್ನ ಅವನ ಬಡಿಸುವ ಸರದಿ. ಕೈಯಲ್ಲಿ ಅನ್ನದ ಬುಟ್ಟಿ. ನಿನ್ನೆಯ ಉಪ್ಪು ಇನ್ನೂ ನಾಲಿಗೆಯ ಮೇಲಿತ್ತು. ಯಾರ ಎಲೆಯನ್ನೂ ಕೆಡಿಸಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದ. ಖಾಲಿ ಎಲೆ ಕಂಡರೆ ಬಡಿಸಿದ. ಏನಾದರೂ ಇರುವ ಎಲೆ ಕಂಡರೆ ದಾಟಿಕೊಂಡು ಹೋದ. ಎಲೆಗಳ ಮುಂದೆ ನೀರು ಚಿಮುಕಿಸಿಕೊಂಡು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನೋ ಶಂಭು, ನನ್ನ ಎಲೆ ಕಾಣಲಿಲ್ಲವೇನೋ?"

ರಾಜಮ್ಮಣ್ಣಿಯವರ ದನಿ. ಶಂಭು ತಿರುಗಿದ.

"ನಿಮ್ಮ ಎಲೆಯಲ್ಲಿ ಆಗಲೇ ಇದೆಯಲ್ಲಮ್ಮಾ."

"ಏನಿದೆ?"

ಶಂಭು ಬಗ್ಗಿ ನೋಡಿದ. ಎಲೆಯ ಮೂಲೆಯಲ್ಲಿ ಒಂದು ಚೂರು ಉಪ್ಪಿನಕಾಯಿ ಇತ್ತು.

"ಇದನ್ನೇ ಕಲಸಿಕೊಂಡು ತಿನ್ನಲೇನೋ ಪುಣ್ಯಾತ್ಮ?"

ಮತ್ತೆ ಪಂಕ್ತಿ ನಕ್ಕಿತು. ಗುರುಗಳ ಎಲೆಯಲ್ಲೂ ಅನ್ನವಿರಲಿಲ್ಲ. ಅವರು ಪಲ್ಯವನ್ನು ಒಂದೊಂದೇ ಕಾಳು ಆರಿಸಿ ತಿನ್ನುತ್ತಿದ್ದರು.

ಊಟದ ನಂತರ ಇನ್ನೊಂದು ಪೆಟ್ಟು ಕಾದಿತ್ತು. ಈ ಗುರುವಾರದಿಂದ ಪ್ರತಿ ರೋಗಿಗೂ ಯಾವ ಔಷಧಿ ಒಗ್ಗುವುದಿಲ್ಲ ಅಂತ ಬರೆದುಕೊಳ್ಳಬೇಕೆಂದು ತೀರ್ಮಾನವಾಗಿತ್ತು. ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗ ಮಾಡಿದ್ದರು. ಶಂಭು ಯಂತ್ರ ಓಡಿಸಿದ. ಯಂತ್ರ ಹೇಳಿದ ಹಾಗೇ ಮಾಡಿತು. ರಾಜಮ್ಮಣ್ಣಿಯವರ ಫೈಲನ್ನು ಮುಟ್ಟದೆ ದಾಟಿಕೊಂಡು ಹೋಯಿತು. ಆ ಹೊಸ ವಿಷಯ ನಲವತ್ತಮೂರು ಜನರಲ್ಲಿ ಒಬ್ಬರಿಗೂ ಸೇರಲಿಲ್ಲ. ನಲವತ್ತಮೂರು ಟೆಸ್ಟೂ ಕೆಂಪು.

ಶಂಭು ಹೊಳೆಯ ಮೆಟ್ಟಿಲಿಗೆ ಹೋಗಿ ಗುರುಗಳ ಪಕ್ಕ ಕೂತ.

"ಬರೆದರೆ ಅಳಿಸುತ್ತೆ. ಬಿಟ್ಟರೆ ಹಸಿವು. ನಾನೇನು ಮಾಡಲಿ ಗುರುಗಳೇ?"

"ನಾಳೆ ಯಾರ ಸರದಿ?"

"ಬಡಿಸೋದಾ? ರಾಜಮ್ಮಣ್ಣಿಯವರದು."

"ಅವರ ಹಿಂದೆ ನೀರಿನ ಚೊಂಬು ಹಿಡಿದುಕೊಂಡು ನಡಿ."

ಬುಧವಾರ ಶಂಭು ಚೊಂಬು ಹಿಡಿದು ಹಿಂದೆ ನಡೆದ. ರಾಜಮ್ಮಣ್ಣಿಯವರಿಗೆ ಮಂಡಿನೋವು. ಆದರೂ ಪ್ರತಿ ಎಲೆಯ ಮುಂದೆ ಬಗ್ಗುತ್ತಿದ್ದರು. ಬಗ್ಗಿ ನೋಡುತ್ತಿದ್ದರು. ಒಬ್ಬರಿಗೆ ಅನ್ನ ಹಾಕಿದರು, ಹುಳಿ ಹಾಕಲಿಲ್ಲ, ಅವರ ಎಲೆಯಲ್ಲಿ ಹುಳಿ ಇತ್ತು. ಇನ್ನೊಬ್ಬರಿಗೆ ಹುಳಿ ಮಾತ್ರ. ಪಾಯಸ ಇರುವ ಎಲೆಗೆ ಅನ್ನ ಹಾಕುವಾಗ ಕೈ ತಾನಾಗಿಯೇ ಆಚೆ ಸರಿಯುತ್ತಿತ್ತು. ಒಬ್ಬರು ಎಲೆಗೆ ಅಡ್ಡ ಕೈ ಹಿಡಿದರು. ಅಮ್ಮಣ್ಣಿ ಏನೂ ಕೇಳದೆ ಮುಂದೆ ಹೋದರು. ಮತ್ತೊಂದು ಎಲೆಯಲ್ಲಿ ಏನೋ ಕಲಸಿಹೋಗಿತ್ತು, ಏನೆಂದು ತಿಳಿಯುವ ಹಾಗಿರಲಿಲ್ಲ. ಅಲ್ಲಿ ಮಾತ್ರ ನಿಂತು, "ಏನು ಬೇಕಪ್ಪಾ ನಿಂಗೆ?" ಅಂತ ಕೇಳಿದರು.

ಶಂಭು ಅಲ್ಲೇ ನಿಂತುಬಿಟ್ಟ. ಚೊಂಬಿನ ನೀರು ತುಳುಕಿ ಯಾರದೋ ಮಡಿಲಿಗೆ ಬಿತ್ತು.

"ಅಯ್ಯೋ, ನೋಡಿಕೊಂಡು!" ಅಂದರು ಆ ಯಾರೋ.

"ನೋಡಿಕೊಂಡೇ!" ಅಂತ ಕೂಗಿ ಶಂಭು ಚೊಂಬನ್ನು ಅವರ ಕೈಗೇ ಕೊಟ್ಟು ಓಡಿದ. ತನ್ನ ಊಟವನ್ನೂ ಮರೆತ.

ಈ ಸಲ ಅವನು ಯಂತ್ರಕ್ಕೆ ಬರೆಯುವುದನ್ನು ಕಲಿಸಲಿಲ್ಲ, ಅದು ಮೊದಲೇ ಬರುತ್ತಿತ್ತು. ಓದುವುದನ್ನು ಕಲಿಸಿದ. ಫೈಲು ಮೊದಲೇ ಇದ್ದರೆ ಮೊದಲು ತೆರೆದು ಪೂರ್ತಿ ಓದು. ಕೈಯಲ್ಲಿ ಬರೆದ ಒಂದು ಅಕ್ಷರವನ್ನೂ ಮುಟ್ಟಬೇಡ. ಇಲ್ಲದ್ದು ಯಾವುದೋ ಅದನ್ನು ಮಾತ್ರ ಸೇರಿಸು. ಇಲ್ಲಿ ಕೈ ಹಾಕಬೇಡಿ ಅಂತ ಬರೆದವರೇ ಗುರುತು ಹಾಕಿದ್ದರೆ ಸುಮ್ಮನೆ ಮುಂದೆ ಹೋಗು. ತಿಳಿಯದಿದ್ದರೆ ಊಹೆ ಮಾಡಬೇಡ, ನಿಂತು ಕೇಳು.

ಬಿಸಿಲು ಇಳಿಯುವ ಹೊತ್ತಿಗೆ ಯಂತ್ರ ಓಡಿತು. ಶಂಭು ಗುರುಗಳ ಹತ್ತಿರ ಹೋಗಲಿಲ್ಲ. ಔಷಧಿಯ ಕೋಣೆಗೆ ಹೋಗಿ ಲ್ಯಾಪ್‌ಟಾಪನ್ನು ರಾಜಮ್ಮಣ್ಣಿಯವರ ಮುಂದಿಟ್ಟ.

ಆಕೆ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಒಬ್ಬೊಬ್ಬರನ್ನೇ ಎಣಿಸಿದರು. ಕೆಲವರ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಪ್ರತಿಯೊಬ್ಬರ ಕೊನೆಗೂ ಹೊಸದಾಗಿ ಒಂದೇ ಸಾಲು ಸೇರಿತ್ತು. ಮಿಕ್ಕದ್ದೆಲ್ಲ ಆಕೆ ಬರೆದಿಟ್ಟ ಹಾಗೇ ಇತ್ತು, ಹನ್ನೊಂದು ವರ್ಷದ ಹಿಂದಿನ ಒಂದು ಕಾಗುಣಿತದ ತಪ್ಪೂ ಸೇರಿ.

"ಎಲ್ಲಾ ಇದ್ದಾರೆ ಕಣೋ," ಅಂದರು. ದನಿ ಒಡೆಯಿತು.

"ಇನ್ನೊಂದು ಸಲ ಓಡಿಸಿ ತೋರಿಸ್ತೀನಿ ನೋಡಿ," ಅಂದು ಶಂಭು ಓಡಿಸಿದ. ಯಂತ್ರ ಓದಿತು. 'ಸೇರಿಸುವುದು ಏನೂ ಇಲ್ಲ' ಅಂತ ಹೇಳಿ ನಿಂತಿತು. ಟೆಸ್ಟೆಲ್ಲಾ ಹಸಿರು.

ಗುರುವಾರ ಬೆಳಿಗ್ಗೆ ಅಂಗಳದ ತುಂಬ ಜನ. ಲ್ಯಾಪ್‌ಟಾಪಿನ ಮುಂದೆ ಶಂಭು, ಔಷಧಿಯ ಮೇಜಿನ ಹತ್ತಿರ ರಾಜಮ್ಮಣ್ಣಿ. ಸಾಲು ಬೇಲಿಯವರೆಗೂ ಬೆಳೆದಿತ್ತು.

ಚಿಕ್ಕತಾಯಿ ಅನ್ನುವ ಹೆಂಗಸು ಐದು ತಿಂಗಳ ಕೂಸು ತಂದಿದ್ದಳು. ಕೂಸಿಗೆ ಜ್ವರ, ಅತ್ತು ಅತ್ತು ಅಂಗಳವನ್ನೇ ತಲೆಯ ಮೇಲೆ ಹೊತ್ತುಕೊಂಡಿತ್ತು. "ಬೇಗ ಕೊಡಿ ಸ್ವಾಮಿ, ಬೇಗ," ಅನ್ನುತ್ತಿದ್ದಳು. ಹಿಂದಿನವರೂ ಬೇಗ ಬೇಗ ಅನ್ನುತ್ತಿದ್ದರು. ಶಂಭು ಹೆಸರು ಹಾಕಿದ, ವಯಸ್ಸು ಹಾಕಿದ, ಗುಂಡಿ ಒತ್ತಿದ.

ಪರದೆ ಕೆಂಪಾಯಿತು. 'ತೂಕ ಬರೆದಿಲ್ಲ. ಔಷಧಿ ಇಲ್ಲ.'

ತೂಕ ಬಿಟ್ಟುಹೋಗಿತ್ತು. ಬಿಟ್ಟವನು ಬೇರೆ ಯಾರೂ ಅಲ್ಲ, ಬುದ್ಧಿವಂತ ಶಂಭುಲಿಂಗನೇ. ಸೋಮವಾರದ ಪ್ರೋಗ್ರಾಂ ಆಗಿದ್ದರೆ ಈ ಕೂಸಿಗೆ ಅರ್ಧ ಬಾಟಲಿಗೂ ಹೆಚ್ಚು ಸಿರಪ್ ಹೇಳುತ್ತಿತ್ತು.

"ಅಮ್ಮಾ, ತೂಕ!" ಅಂತ ಕೂಗಿದ.

ರಾಜಮ್ಮಣ್ಣಿ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಲು ನೋಡಿದರು. ಅದು ಬಿಲ್ಲಿನ ಹಾಗೆ ಬಗ್ಗಿ ಕಿರುಚಿತು, ಮುಳ್ಳು ನಿಲ್ಲಲೇ ಇಲ್ಲ. ಕೊನೆಗೆ, "ನೀನೇ ಎತ್ತಿಕೊಂಡು ದೊಡ್ಡ ತಕ್ಕಡಿ ಮೇಲೆ ನಿಲ್ಲಮ್ಮಾ," ಅಂದರು. ಚಿಕ್ಕತಾಯಿ ನಿಂತಳು.

"ಐವತ್ತೆಂಟು ಕಿಲೋ ಇನ್ನೂರು!"

ಶಂಭು ಐವತ್ತೆಂಟು ಅಂತ ಹಾಕಿಯೇಬಿಟ್ಟ. ಗುಂಡಿಯ ಮೇಲೆ ಬೆರಳಿಟ್ಟ.

"ತಡಿಯೋ, ಅದು ಇಬ್ಬರದ್ದು!" ಅಂದರು ರಾಜಮ್ಮಣ್ಣಿ. ಕೂಸನ್ನು ತಾವು ಎತ್ತಿಕೊಂಡು ತಾಯಿಯನ್ನು ಮಾತ್ರ ನಿಲ್ಲಿಸಿದರು. ಐವತ್ತೆರಡು. ಕೂಸಿನದು ಆರು ಕಿಲೋ ಇನ್ನೂರು.

ಮೂರೂವರೆ ಎಂಎಲ್ ಅಂದಿತು ಪ್ರೋಗ್ರಾಂ. ರಾಜಮ್ಮಣ್ಣಿ ಅಳೆದು ಬಾಯಿಗೆ ಬಿಟ್ಟರು. ಕೂಸು ಚಪ್ಪರಿಸಿ ಸುಮ್ಮನಾಯಿತು. ಮುಂದಿನ ರೋಗಿಯ ತೂಕವನ್ನು ಶಂಭು ಎಲ್ಲಕ್ಕಿಂತ ಮೊದಲು ಕೇಳಿದ.

ಸಾಲು ಕರಗಿದ ಮೇಲೆ ಅವನು ಮೊದಲು ಮಾಡಿದ ಕೆಲಸ ಒಂದೇ. ರಾಜಮ್ಮಣ್ಣಿಯವರ ಫೈಲು ತೆರೆದು, ಅವರನ್ನು ಕೇಳಿ, ಕೊನೆಯಲ್ಲಿ ನಲವತ್ತನಾಲ್ಕನೆಯ ರೋಗಿಯನ್ನು ತನ್ನ ಕೈಯಾರೆ ಬರೆದ. ಹೆಸರು ಚಿಕ್ಕತಾಯಿಯ ಕೂಸು. ವಯಸ್ಸು ಐದು ತಿಂಗಳು, ತೂಕ ಐವತ್ತೆಂಟು ಕಿಲೋ. ಟೆಸ್ಟ್ ಕೆಂಪಾಯಿತು. ಇಂಥ ತೂಕ ಕಂಡರೆ ನಿಲ್ಲು ಅಂತ ಔಷಧಿಯ ಪ್ರೋಗ್ರಾಮಿಗೆ ಹೇಳಿದ. ಹಸಿರಾಯಿತು. ಆಮೇಲೆ ತನ್ನ ಯಂತ್ರ ಓಡಿಸಿದ.

ಅವನು ಬರೆದದ್ದು ಅಲ್ಲೇ ಇತ್ತು. ತಾನು ಕೈಯಲ್ಲಿ ಬರೆದದ್ದು ಉಳಿಯಿತು ಅಂದಾಗ ಆಗುವ ಸಮಾಧಾನ ಎಂಥದ್ದು ಅಂತ ಅವನಿಗೆ ಅವತ್ತೇ ಗೊತ್ತಾದದ್ದು.

ಮಧ್ಯಾಹ್ನ ಪಂಕ್ತಿ ಕೂತಿತು. ಚಿಕಿತ್ಸೆಗೆ ಬಂದವರೂ ಕೂತರು. ಶಂಭುವೇ ಕೇಳಿಕೊಂಡು ಅನ್ನದ ಬುಟ್ಟಿ ಹಿಡಿದ. ಒಂದೊಂದು ಎಲೆಗೂ ಬಗ್ಗಿದ, ನೋಡಿದ, ಹಾಕಿದ, ಬಿಟ್ಟ. ರಾಜಮ್ಮಣ್ಣಿಯವರ ಎಲೆಗೆ ಎರಡನೇ ಸಲ ಅನ್ನ ತಂದಾಗ ಅವರು ಅಡ್ಡ ಕೈ ಹಿಡಿದರು. ಅವನು ನಕ್ಕು ಮುಂದೆ ಹೋದ.

ಗುರುಗಳ ಎಲೆಯ ಮುಂದೆ ಬಂದ. ಬಗ್ಗಿ ನೋಡಿದ. ಅನ್ನವಿತ್ತು, ಹುಳಿಯಿತ್ತು, ಏನೂ ಕಡಿಮೆಯಿರಲಿಲ್ಲ. ಅವನು ಹಾಕಲಿಲ್ಲ. ಆದರೆ ಮುಂದೆ ಹೋಗಲೂ ಇಲ್ಲ. ಮೂರು ದಿನದಿಂದ ಕಾಡುತ್ತಿದ್ದ ಪ್ರಶ್ನೆ ಅಲ್ಲೇ ಹೊರಗೆ ಬಂತು.

"ಗುರುಗಳೇ, ನನ್ನ ಯಂತ್ರ... ಇಟ್ಟುಕೊಳ್ಳಬಹುದಾ?"

ಗುರುಗಳ ಪಕ್ಕದಲ್ಲಿ ಚಿಕ್ಕತಾಯಿ ಕೂತಿದ್ದಳು. ಮಡಿಲಲ್ಲಿ ಕೂಸು ನಿದ್ದೆ ಹೋಗಿತ್ತು. ಅದು ಏಳದ ಹಾಗೆ ಒಂದೇ ಕೈಯಲ್ಲಿ ಎಲೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಎಲೆಯಲ್ಲಿ ಉಪ್ಪಿನಕಾಯಿ ಒಂದೇ ಇತ್ತು.

ಗುರುಗಳು ತುತ್ತು ಕಲಸುತ್ತಾ, ತಲೆ ಎತ್ತದೆ ಹೇಳಿದರು.

"ಮುಂದಿನ ಎಲೆ ನೋಡಪ್ಪಾ."